ಮೆಟ್ಟಿಲುಗಳ ನಡುವೆ ಹಾಡಿದ ವೀಣೆ – ವೈಣಿಕ ಶಿಖಾಮಣಿ ಶೇಷಣ್ಣನವರು



ನಮ್ಮ ಊರುಗಳ ಮಕ್ಕಳು ಈಗ ಗಿಟಾರ್, ಕೀಬೋರ್ಡ್ ಕಲಿಯುತ್ತಿದ್ದಾರೆ. ಸಂತೋಷದ ವಿಷಯವೇ. ಬಾಸ್ ಗಿಟಾರ್ ನುಡಿಸುವ ಹುಡುಗರಿಗೆ ಒಂದು ಹಂಬಲ ಇರುತ್ತದಂತೆ. ವಾದ್ಯದ ಕತ್ತಿನ ಮೇಲೆ ಲೋಹದ ಪಟ್ಟಿಗಳಿರುತ್ತವೆ. ಅವು ಇದ್ದೂ ಇಲ್ಲದ ಹಾಗೆ, ಕಂಠ ಜಾರಿದ ಹಾಗೆ ನಾದ ಬರಬೇಕು. ಕೆಲವರು ಆ ಪಟ್ಟಿಗಳನ್ನೇ ಕಿತ್ತು ತೆಗೆಯುತ್ತಾರೆ. ನಮ್ಮ ವೈಣಿಕರು ಈ ಹಂಬಲವನ್ನು ಮೆಟ್ಟಿಲು ಕೀಳದೆಯೇ ತೀರಿಸಿಕೊಂಡಿದ್ದರು. ಅವರಲ್ಲಿ ಮೊದಲಿಗೆ ನೆನೆಯಬೇಕಾದವರು ಮೈಸೂರಿನ ವೀಣೆ ಶೇಷಣ್ಣನವರು. ಈ ಸಲದ ಹಿರಿಯರ ಪರಿಚಯಕ್ಕೆ ಅವರನ್ನು ಆರಿಸಿಕೊಂಡಿದ್ದೇವೆ.

ಶೇಷಣ್ಣನವರು ಹುಟ್ಟಿದ್ದು 1852ರಲ್ಲಿ. ತಂದೆ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ವೈಣಿಕರು. ಮನೆತನದ ಮೂಲವನ್ನು ತಂಜಾವೂರಿನ ಪಚ್ಚಿಮಿರಿಯಂ ಆದಿಯಪ್ಪಯ್ಯನವರವರೆಗೆ ಹೇಳುತ್ತಾರೆ. ಭೈರವಿ ರಾಗದ ಪ್ರಸಿದ್ಧ ವರ್ಣವನ್ನು ರಚಿಸಿದ ವಾಗ್ಗೇಯಕಾರರು ಅವರೇ. ಸಂಗೀತಕ್ಕೆ ರಾಜ್ಯದ ಎಲ್ಲೆ ಅಡ್ಡ ಬಂದಿರಲಿಲ್ಲ ಎಂಬುದಕ್ಕೆ ಈ ಮನೆತನವೇ ಸಾಕ್ಷಿ.

ಬಾಲ್ಯದ ಒಂದು ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಶಿವರಾತ್ರಿಯ ದಿನ ಅರಮನೆಯಲ್ಲಿ ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಕಠಿಣವಾದ ಪಲ್ಲವಿಯೊಂದನ್ನು ಹಾಡಿ, ಆಸ್ಥಾನದವರು ಅದನ್ನು ತಿರುಗಿ ಹಾಡಬೇಕೆಂದು ಸವಾಲು ಹಾಕಿದರಂತೆ. ದೊಡ್ಡವರು ಸುಮ್ಮನಿದ್ದಾಗ ಹತ್ತು ವರ್ಷದ ಆಸುಪಾಸಿನ ಶೇಷಣ್ಣ ಅದನ್ನು ಹಾಡಿ ತೋರಿಸಿದರಂತೆ. ಮಹಾರಾಜರು ಮೆಚ್ಚಿ ಮುತ್ತಿನ ಹಾರ ಕೊಟ್ಟರೆಂದು ಪ್ರತೀತಿ. ಇಲ್ಲಿ ನಾವು ಗಮನಿಸಬೇಕಾದ್ದು ಹಾರವನ್ನಲ್ಲ. ವೈಣಿಕರ ಮನೆಯ ಹುಡುಗ ಅಂದು ಗೆದ್ದದ್ದು ವೀಣೆಯಿಂದಲ್ಲ, ಕಂಠದಿಂದ.

ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಅಕ್ಕ ವೆಂಕಮ್ಮನವರು, ಹೊರಗೆ ದೊಡ್ಡ ಶೇಷಣ್ಣನವರು ವೀಣೆಯ ಪಾಠ ಹೇಳಿದರು. ಹಾಡುಗಾರಿಕೆಗೆ ಗುರುಗಳು ಮೈಸೂರು ಸದಾಶಿವರಾಯರು. ಅವರು ವಾಲಾಜಾಪೇಟೆ ವೆಂಕಟರಮಣ ಭಾಗವತರ ಮೂಲಕ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ವೀಣೆಯೂ ಹಾಡುಗಾರಿಕೆಯೂ ಹೀಗೆ ಜೊತೆಜೊತೆಯಾಗಿ ಬೆಳೆದವು.

ಈಗ ವಾದ್ಯದ ವಿಷಯಕ್ಕೆ ಬರೋಣ. ವೀಣೆಗೆ 24 ಮೆಟ್ಟಿಲು, ಒಂದು ಸ್ಥಾಯಿಗೆ 12. ನುಡಿಸುವ ತಂತಿ ನಾಲ್ಕು, ತಾಳ ಹಾಕುವ ತಂತಿ ಮೂರು. ಲೋಹದ ಮೆಟ್ಟಿಲುಗಳನ್ನು ಮೇಣದ ಏರಿನ ಮೇಲೆ ಕೂರಿಸಿರುತ್ತಾರೆ. ಒಂದು ಮೆಟ್ಟಿಲಿನ ಮೇಲೆ ಬೆರಳಿಟ್ಟು ಮೀಟಿದರೆ ಒಂದೇ ಸ್ವರ. ಆದರೆ ನಮ್ಮ ರಾಗಗಳು ಬಿಡಿ ಸ್ವರಗಳಲ್ಲಿ ನಿಲ್ಲುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ರಾಗದ ಜೀವ ಇದೆ. ತೋಡಿಯ ಗಾಂಧಾರವನ್ನು ಅಲುಗಿಸದೆ ಇಟ್ಟರೆ ಅದು ತೋಡಿಯೇ ಅಲ್ಲ.

ಅದಕ್ಕೆ ಉಪಾಯ ತಂತಿಯನ್ನು ಮೆಟ್ಟಿಲಿನ ಮೇಲೆಯೇ ಅಡ್ಡಕ್ಕೆ ಎಳೆಯುವುದು. ಎಳೆದಷ್ಟೂ ಬಿಗಿ ಹೆಚ್ಚುತ್ತದೆ, ಸ್ವರ ಏರುತ್ತದೆ. ಮೆಟ್ಟಿಲು ಎತ್ತರವಾಗಿದ್ದು ಬೆರಳಿಗೆ ಮರ ತಗಲದಿರುವುದರಿಂದ ಒಂದೇ ಮೆಟ್ಟಿಲಿನಲ್ಲಿ ಎರಡು ಮೂರು ಸ್ವರಗಳವರೆಗೂ ಹೋಗಬಹುದು. ಎಷ್ಟು ಎಳೆಯಬೇಕು ಎಂಬುದಕ್ಕೆ ಗುರುತು ಎಲ್ಲಿಯೂ ಇಲ್ಲ, ಕಿವಿಯೇ ಹೇಳಬೇಕು. ಮೆಟ್ಟಿಲೇ ಇಲ್ಲದ ಗೋಟುವಾದ್ಯದಲ್ಲಿ ಸ್ವರ ಜಾರಿಸುವುದು ಸುಲಭ, ಸ್ವರದಲ್ಲಿ ನಿಲ್ಲುವುದು ಕಷ್ಟ. ವೀಣೆಯಲ್ಲಿ ನಿಲ್ಲುವುದು ಸುಲಭ, ಜಾರುವುದು ಕಷ್ಟ.

ಶೇಷಣ್ಣನವರಿಂದ ಮೆರೆದ ಮೈಸೂರು ಬಾನಿಯಲ್ಲಿ ಇನ್ನೊಂದು ವಿಶೇಷ ಇದೆ. ಎಡಗೈಯ ಎರಡು ಬೆರಳುಗಳನ್ನು ಬಿಡಿಸಿ ನುಡಿಸುತ್ತಾರೆ. ಒಂದು ಬೆರಳು ಕೆಳಗಿನ ಮೆಟ್ಟಿಲಿನಲ್ಲಿ ಇರುವಾಗಲೇ ಇನ್ನೊಂದು ಮುಂದಿನ ಮೆಟ್ಟಿಲಿನ ಮೇಲೆ ಬೀಳುತ್ತದೆ, ಏಳುತ್ತದೆ. ಹೊಸ ಮೀಟು ಇಲ್ಲದೆ ಹೊಸ ಸ್ವರ ಬರುತ್ತದೆ, ನಾದ ಕಡಿಯುವುದಿಲ್ಲ. ತಂತಿಯನ್ನು ಎಲ್ಲೆಂದರಲ್ಲಿ ಎಳೆದಾಡದೆ ಬೇಕಾದಷ್ಟೇ ಎಳೆದು, ಮೀಟನ್ನು ಶುದ್ಧವಾಗಿ ಇಡುವುದು ಈ ಬಾನಿಯ ಶಿಸ್ತು. ವೇಗದ ತಾನದಲ್ಲೂ ಸ್ವರಗಳು ಮುತ್ತು ಪೋಣಿಸಿದ ಹಾಗೆ ಬೇರೆ ಬೇರೆಯಾಗಿ ಕೇಳುತ್ತವೆ.

ಶೇಷಣ್ಣನವರು ಸ್ವರಬತ್, ಪಿಟೀಲು, ಪಿಯಾನೊಗಳನ್ನೂ ಬಲ್ಲವರು. ಪಿಟೀಲಿನಲ್ಲಿ ಮೆಟ್ಟಿಲೇ ಇಲ್ಲ. ಪಿಯಾನೊದಲ್ಲಿ ಸ್ವರವನ್ನು ಒಂದು ಕೂದಲೆಳೆಯಷ್ಟೂ ಅಲುಗಿಸುವ ಹಾಗಿಲ್ಲ. ಈ ಎರಡು ತುದಿಗಳನ್ನು ಕಂಡವರು ನಡುವಿನ ವೀಣೆಗೇ ಬದುಕನ್ನು ಕೊಟ್ಟರು.

ಚಾಮರಾಜ ಒಡೆಯರೂ ನಾಲ್ವಡಿ ಕೃಷ್ಣರಾಜ ಒಡೆಯರೂ ಅವರನ್ನು ಬಹಳ ಗೌರವದಿಂದ ಕಂಡರು. ವೈಣಿಕ ಶಿಖಾಮಣಿ ಎಂಬ ಬಿರುದು ಬಂತು. ವೀಣೆ ಸುಬ್ಬಣ್ಣನವರೊಡನೆ ಅವರ ಜೋಡಿ ವಾದನ ಹೆಸರಾಗಿತ್ತು. ಬರೋಡದ ಮಹಾರಾಜರು ಮೆಚ್ಚಿ ಅವರನ್ನು ಪಲ್ಲಕ್ಕಿಯಲ್ಲಿ ಮೆರೆಸಲು ಬಯಸಿದಾಗ, ಶೇಷಣ್ಣನವರು ಪಲ್ಲಕ್ಕಿಯಲ್ಲಿ ವೀಣೆಯನ್ನು ಇರಿಸಿ ತಾವು ಪಕ್ಕದಲ್ಲಿ ನಡೆದರೆಂದು ಹೇಳುತ್ತಾರೆ. ಸನ್ಮಾನ ಯಾರಿಗೆ ಸಲ್ಲಬೇಕು ಎಂಬುದರಲ್ಲಿ ಅವರಿಗೆ ಗೊಂದಲ ಇರಲಿಲ್ಲ.

1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದು ಅಲ್ಲಿಯೇ. ಆಗ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು ಎಂದು ಹಂಚಿಹೋಗಿದ್ದರು. ಆ ಸಂದರ್ಭದಲ್ಲಿ ಮೈಸೂರಿನಿಂದ ಬೆಳಗಾವಿಗೆ ಬಂದು 72ರ ಶೇಷಣ್ಣನವರು ಗಾಂಧೀಜಿಯವರೆದುರು ವೀಣೆ ನುಡಿಸಿದರು. ಗಡಿಯಲ್ಲಿ ಬಾಳುವ ನಮಗೆ ಈ ಸಂಗತಿ ವಿಶೇಷವಾಗಿ ಹತ್ತಿರವಾದದ್ದು. ಎರಡು ವರ್ಷದ ಬಳಿಕ, 1926ರಲ್ಲಿ ಅವರು ತೀರಿಕೊಂಡರು.

ಅವರು ಬಿಟ್ಟುಹೋದದ್ದು ಸ್ವರಜತಿ, ವರ್ಣ, ತಿಲ್ಲಾನಗಳು. ಝಿಂಜೋಟಿಯ ತಿಲ್ಲಾನ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತದೆ. ಅದಕ್ಕಿಂತ ದೊಡ್ಡದು ಶಿಷ್ಯಸಂಪತ್ತು. ಶಿಷ್ಯರಾದ ವೆಂಕಟಗಿರಿಯಪ್ಪನವರು, ಅವರ ಶಿಷ್ಯರಾದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು – ಹೀಗೆ ಆ ಬೆರಳುಗಾರಿಕೆ ಕೈಯಿಂದ ಕೈಗೆ ಬಂದಿದೆ. ಬೆರಳಿನ ವಿದ್ಯೆ ಪುಸ್ತಕದಲ್ಲಿ ಉಳಿಯುವುದಿಲ್ಲ. ಒಂದು ತಲೆಮಾರು ಕಲಿಯದೆ ಬಿಟ್ಟರೆ ಅಲ್ಲಿಗೆ ಮುಗಿಯಿತು. ಗಡಿನಾಡಿನಲ್ಲಿ ಭಾಷೆಯ ಗತಿಯೂ ಹೀಗೆಯೇ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಮಕ್ಕಳು ಗಿಟಾರ್ ಕಲಿಯಲಿ, ವೀಣೆ ಕಲಿಯಲಿ, ಜೊತೆಗೆ ಹಾಡುವುದನ್ನೂ ಕಲಿಸಿ. ಬಾಯಲ್ಲಿ ಬಂದದ್ದು ಬೆರಳಿಗೆ ಬಂದೇ ಬರುತ್ತದೆ. ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟ ವೀಣೆ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಸಂಘಕ್ಕೆ ತಿಳಿಸಿ. ಕಲಿಯುವ ಮಗುವಿಗೆ ಮುಟ್ಟಿಸುವ ಏರ್ಪಾಡು ಮಾಡೋಣ. ಮುಂದಿನ ಮಾಸಿಕ ಸಭೆಯಲ್ಲಿ ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಣವನ್ನು ಎಲ್ಲರೂ ಕೂತು ಕೇಳೋಣ. ಸಕುಟುಂಬ ಬನ್ನಿ.

– ಕಾರ್ಯದರ್ಶಿ