ಕೇರಿ ಸಾಹೇಬರ ಮನೆಯೂ ತೋಟವೂ

ಶ್ರೀರಾಮಪುರದ ವಿಲ್ಯಂ ಕೇರಿ ಸಾಹೇಬರ ಹೆಸರನ್ನು ನಮ್ಮ ಸಭೆಗಳಲ್ಲಿ ಕೇಳದವರು ವಿರಳ. ದೈವಜ್ಞಾನ ಶಾಲೆಯಲ್ಲಿ ಓದಿದ ನಮ್ಮಂಥವರಿಗಂತೂ ಅವರು ಸತ್ಯವೇದವನ್ನು ಅನೇಕ ಭಾಷೆಗಳಿಗೆ ತಿರುಗಿಸಿದ ಸಂಗತಿಯು ಬಾಯಿಪಾಠವಾಗಿರುತ್ತದೆ. ನಮ್ಮ ಕನ್ನಡಕ್ಕೂ ಅವರು 1817ರಲ್ಲಿ ಒಂದು ವ್ಯಾಕರಣವನ್ನು ಬರೆದು ಅಚ್ಚು ಹಾಕಿಸಿದರು. ಆದರೆ ಅವರ ಮನೆಯೊಳಗಿನ ಚರಿತ್ರೆಯನ್ನು ಹೇಳುವವರು ಕಡಿಮೆ. ತಾಂಬಾ, ಇಂಡಿ, ಸಿಂದಗಿ ಕಡೆಯ ನಮ್ಮ ಮನೆಗಳಲ್ಲಿಯೂ ಬಹುಕಾಲದ ಬೇನೆಯಿಂದ ಮಲಗಿರುವವರುಂಟು. ಅದೇ ಮನೆಯಲ್ಲಿ ಎತ್ತು, ಭಜನೆ, ಪುಸ್ತಕ ಎಂದು ಒಂದರ ಮೇಲೆಯೇ ಜೀವವಿಟ್ಟುಕೊಂಡಿರುವ ಗಂಡನೋ ಹೆಂಡತಿಯೋ ಉಂಟು. ಆದಕಾರಣ ಈ ಸಾರೆ ಕೇರಿಯವರ ಮನೆಯ ಸಂಗತಿಯನ್ನೇ ಬರೆಯುತ್ತೇವೆ.

ಅವರು 1761ನೇ ಆಗಸ್ಟ್ 17ರಂದು ಇಂಗ್ಲೆಂಡಿನ ಪಾಲರ್ಸ್‌ಪ್ಯೂರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯು ನೇಕಾರನಾಗಿದ್ದು ಆಮೇಲೆ ಊರ ಶಾಲೆಯ ಉಪಾಧ್ಯಾಯನಾದನು. ಹುಡುಗನಾಗಿರುವಾಗಲೇ ಗಿಡ, ಹೂವು, ಹುಳ, ಹಕ್ಕಿಗಳ ಮೇಲೆ ಅವರಿಗೆ ಅತಿಶಯವಾದ ಮೋಹ; ತಮ್ಮ ಕೋಣೆಯನ್ನೆಲ್ಲ ಅವುಗಳಿಂದ ತುಂಬಿಕೊಂಡಿದ್ದರು. ಆದರೆ ಬಿಸಿಲು ತಾಕಿದರೆ ತೊಗಲು ಕೆರಳಿ ಉರಿಯುವ ಒಂದು ರೋಗವಿದ್ದದರಿಂದ ಹೊಲದ ಕೆಲಸವು ಅವರಿಂದಾಗಲಿಲ್ಲ. ಅದಕ್ಕಾಗಿ ಜೋಡು ಹೊಲಿಯುವ ಕಸಬಿಗೆ ಹಾಕಿದರು. ಬಿಸಿಲಿಗೆ ಅಂಜಿದ ಅದೇ ಹುಡುಗನು ಮುಂದೆ ಬಂಗಾಳದ ಬಿಸಿಲಿನಲ್ಲಿ ತೋಟ ಮಾಡಿದ್ದು ನಮಗೆ ಸೋಜಿಗವಾಗಿ ತೋರುತ್ತದೆ.

1781ರ ಜೂನ್ 10ರಂದು ಅವರು ಡಾರತಿ ಎಂಬ ಅಮ್ಮನವರನ್ನು ಮದುವೆಯಾದರು. ಆಕೆಗೆ ಬರಹ ಬಾರದು. ಮದುವೆಯ ದಫ್ತರದಲ್ಲಿ ಹೆಸರಿಗೆ ಬದಲಾಗಿ ಗೆರೆಯ ಗುರುತು ಹಾಕಿದರು. ಗಂಡನಾದರೋ ಜೋಡು ಹೊಲಿಯುತ್ತಲೇ ಲತೀನ, ಗ್ರೀಕ, ಇಬ್ರಿಯ ಭಾಷೆಗಳನ್ನು ಕಲಿಯತೊಡಗಿದರು. ಬಡತನದಲ್ಲಿ ಎರಡು ಹೆಣ್ಣುಕೂಸುಗಳು ತೀರಿಹೋದವು. 1793ರಲ್ಲಿ ಕೇರಿಯವರು ಹಿಂದೂದೇಶಕ್ಕೆ ಹೊರಟಾಗ ಬಸುರಿಯಾಗಿದ್ದ ಡಾರತಿಯಮ್ಮನವರು ಮೊದಲು ಬರಲೊಲ್ಲೆನೆಂದರು. ಹಡಗಿಗೆ ತಡವಾದ ಕಾರಣ ಮತ್ತೊಮ್ಮೆ ಬೇಡಿಕೊಂಡಾಗ, ತಂಗಿಯು ಜೊತೆಗೆ ಬರುವದಾದರೆ ಬರುವೆನೆಂದು ಒಪ್ಪಿ, ಎಳೆಗೂಸನ್ನು ಎತ್ತಿಕೊಂಡು ಅವಸರದಿಂದ ಗಂಟುಮೂಟೆ ಕಟ್ಟಿದರು.

ಕಲಕತ್ತೆಗೆ ಬಂದ ಮೇಲೆ ಹಣವಿಲ್ಲ, ನೆಲೆಯಿಲ್ಲ. ಆಕೆಗೂ ದೊಡ್ಡ ಮಗನಿಗೂ ರಕ್ತಬೇಧಿ ಹಿಡಿಯಿತು. 1794ರಲ್ಲಿ ಮದನಾವತಿ ಎಂಬ ಊರಲ್ಲಿ ಕೇರಿಯವರು ನೀಲಿ ಕಾರಖಾನೆಯ ಮೇಲ್ವಿಚಾರಕರಾದರು. ಅದೇ ವರುಷ ಐದು ವರುಷದ ಪೇತ್ರನೆಂಬ ಮಗನು ಸತ್ತನು. ತಂಗಿಯು ಮದುವೆಯಾಗಿ ಬೇರೆ ಉಳಿದಳು. ಆ ಬಳಿಕ ಅಮ್ಮನವರ ಬುದ್ಧಿಯು ಕದಡಿತು. ಗಂಡನು ಪರಸ್ತ್ರೀಯರ ಹಿಂದೆ ಹೋಗುತ್ತಾನೆಂಬ ಸಂಶಯವು ಅವರ ಮನಸ್ಸನ್ನು ಹಿಡಿದು ಬಿಡಲಿಲ್ಲ. ಬೀದಿಯಲ್ಲಿ ಕೂಗಿದರು, ಚೂರಿಯನ್ನೂ ಎತ್ತಿದರು. ಕಡೆಗೆ ಕೋಣೆಯಲ್ಲಿ ಕೂಡಿಹಾಕಿ ಕಾಯಬೇಕಾಯಿತು. ಪಕ್ಕದ ಕೋಣೆಯಲ್ಲಿ ಕೇರಿಯವರು ಭಾಷಾಂತರದ ಕೆಲಸಕ್ಕೆ ಕೂತಿರುವರು. ದೂರ ಕಳುಹಿಸಿಬಿಡದೆ 12 ವರುಷ ಅವರನ್ನು ತಮ್ಮ ಮನೆಯಲ್ಲಿಯೇ ಇಟ್ಟುಕೊಂಡರು. 1807ನೇ ದಶಂಬರ್ 8ರಂದು ಆಕೆ ಜ್ವರದಿಂದ ತೀರಿಕೊಂಡರು.

ಡಾರತಿಯಮ್ಮನವರು ಗಂಡನ ಸೇವೆಗೆ ಅಡ್ಡಿಯಾದವರೆಂದು ಬರೆದವರುಂಟು. ನಾವು ಹಾಗೆ ಬರೆಯಲಾರೆವು. ಗಂಡನ ಆಸೆಯು ತನ್ನನ್ನು ಎಲ್ಲಿಗೆ ಒಯ್ಯುತ್ತದೆಂಬದನ್ನು ಅರಿಯದೆ ಸಮುದ್ರ ದಾಟಿದ ತಾಯಿ ಆಕೆ. ಮಗನನ್ನು ಹೂಳಿದ ಮಣ್ಣಿನ ಮೇಲೆಯೇ ಗಂಡನು ಬೀಜ ಬಿತ್ತುತ್ತಾ ಪದಗಳನ್ನು ಕೂಡಿಸುತ್ತಾ ಇದ್ದದ್ದನ್ನು ನೋಡಿದವರು. ಆ ಕೆಲಸದೊಳಗೆ ಆಕೆಗೆ ಒಂದು ಬಾಗಿಲೂ ಇರಲಿಲ್ಲ.

ಎರಡನೆಯ ಅಮ್ಮನವರ ಸಂಗತಿಯು ಬೇರೆ. ಶಾರ್ಲಟ್ ರೂಮೋರ್ ಎಂಬವರು ಆ ಕಾಲದಲ್ಲಿ ಡೆನ್ಮಾರ್ಕಿನ ಅರಸನಿಗೆ ಸೇರಿದ್ದ ಶ್ಲೆಸ್ವಿಗ್ ಸೀಮೆಯ ದೊಡ್ಡ ಮನೆತನದವರು. ಎಳೆಯ ಪ್ರಾಯದಲ್ಲಿ ಮನೆಗೆ ಬೆಂಕಿ ಬಿದ್ದಾಗ ಆದ ಅಪಾಯದಿಂದ ಅವರ ದೇಹವು ಶಾಶ್ವತವಾಗಿ ಕೆಟ್ಟಿತ್ತು. ಮೆಟ್ಟಲು ಹತ್ತಿ ಇಳಿಯುವದು ಅವರಿಂದಾಗದು. ಬೆಚ್ಚಗಿನ ಹವೆಯಿಂದ ಗುಣವಾದೀತೆಂದು, ಆಗ ಡೇನರ ವಶದಲ್ಲಿದ್ದ ಶ್ರೀರಾಮಪುರಕ್ಕೆ ಬಂದು ಮಿಶನ್ನಿನ ನೆರೆಯಲ್ಲಿ ಮನೆ ಮಾಡಿದರು. ಕೇರಿಯವರು ಅವರಿಗೆ ಇಂಗ್ಲಿಷ್ ಕಲಿಸಿದರು, 1803ರಲ್ಲಿ ದೀಕ್ಷಾಸ್ನಾನವನ್ನೂ ಕೊಟ್ಟರು. 1808ನೇ ಮೇ ತಿಂಗಳಲ್ಲಿ ಇಬ್ಬರ ಮದುವೆಯಾಯಿತು. ಡಾರತಿಯಮ್ಮನವರು ತೀರಿ ಆರು ತಿಂಗಳೂ ಆಗಿರಲಿಲ್ಲವಾದ್ದರಿಂದ ಜೊತೆಯ ಮಿಶನೆರಿಗಳು ಮೊದಲು ಇದನ್ನು ವಿರೋಧಿಸಿದರು. ಅವರ ವಿರೋಧವು ಅನ್ಯಾಯವೆಂದು ನಾವು ಹೇಳುವದಿಲ್ಲ. ಆದರೂ ಆಮೇಲಿನ 13 ವರುಷಗಳನ್ನು ನೋಡಿ ಅವರೂ ಸುಮ್ಮನಾಗಿರಬೇಕು.

ಶಾರ್ಲಟ್ ಅಮ್ಮನವರು ಮದುವೆಯ ದಿನವೂ ರೋಗಿಯೇ, ಕಡೆಯ ದಿನವೂ ರೋಗಿಯೇ. ಗಂಡನಿಗಾದರೋ ಹೊತ್ತು ಸಾಲದು. ಸೂರ್ಯನು ಏಳುವಾಗ ತೋಟದಲ್ಲಿ, ಆಮೇಲೆ ಪಂಡಿತರ ಸಂಗಡ ಭಾಷಾಂತರ, ಬಳಿಕ ಅಚ್ಚಿನ ಕರಡು. ಕೋಟೆಯ ಕಾಲೇಜಿನಲ್ಲಿ ಪಾಠ ಹೇಳುವದಕ್ಕಾಗಿ ವಾರದಲ್ಲಿ ಹಲವು ದಿನ ಕಲಕತ್ತೆಯಲ್ಲಿಯೇ ಇರಬೇಕು. ಇಂಥವನ ಹೆಂಡತಿಯು ಮಂಚದ ಮೇಲೆ ಮಲಗಿ ಎಣಿಸಿದರೆ ದೂರುಗಳು ಬೇಕಾದಷ್ಟು ಸಿಕ್ಕುತ್ತಿದ್ದವು. ಆಕೆ ಮಾಡಿದ್ದೇನಂದರೆ, ಗಂಡನ ಭಾಷೆಗಳನ್ನೇ ಹಿಡಿದರು. ಬಂಗಾಳಿಯನ್ನು ಕಲಿತರು, ತಾವು ಬಲ್ಲ ಫ್ರೆಂಚ್, ಇಟಾಲಿಯನ್ ಸತ್ಯವೇದಗಳನ್ನು ಓದಿ ವಚನಗಳನ್ನು ಹೋಲಿಸಿದರು, ಕುಳಿತಲ್ಲಿಂದಲೇ ಹೆಣ್ಣುಮಕ್ಕಳ ಶಾಲೆಗಳಿಗೆ ನೆರವಾದರು. ತಮ್ಮ ಸ್ವಂತ ಮನೆಯನ್ನು ಮಿಶನ್ನಿಗೆ ಕೊಟ್ಟರು. ಅಗಲಿರುವಾಗ ಇಬ್ಬರೂ ಪ್ರೀತಿಯಿಂದ ಕಾಗದ ಬರೆಯುತ್ತಿದ್ದರು. ಡಾರತಿಯಮ್ಮನವರಿಗೆ ಸಿಕ್ಕದ ಬಾಗಿಲು ಈಕೆಗೆ ಸಿಕ್ಕಿತು; ಓದು ಇತ್ತು, ಹಣವಿತ್ತು, ಹೂಳಬೇಕಾದ ಮಕ್ಕಳಿರಲಿಲ್ಲ. ಇದನ್ನು ಮರೆತು ಇಬ್ಬರನ್ನು ಅಳೆಯುವದು ಸರಿಯಲ್ಲ.

ತೋಟದ ಮಾತನ್ನು ಬಿಡುವ ಹಾಗಿಲ್ಲ. ಅದು ಸುಮಾರು 5 ಎಕರೆ. ಒಂದೊಂದು ಜಾತಿಯ ಗಿಡವನ್ನು ಅದರ ಕುಲದ ಪ್ರಕಾರ ನಟ್ಟಿದ್ದರು. ಇಂಗ್ಲೆಂಡಿನಿಂದ ಬಂದ ಬೀಜದ ಚೀಲವನ್ನು ನೆರಳಿನಲ್ಲಿ ಕೊಡವಿದಾಗ ಆ ಮಣ್ಣಿನಲ್ಲಿ ಅವರ ಹುಟ್ಟೂರಿನ ಡೇಸಿ ಎಂಬ ಸಣ್ಣ ಹೂವಿನ ಗಿಡವು ಮೊಳೆಯಿತು. ಕೂಸು ಹುಟ್ಟಿದವರ ಹಾಗೆ ಅವರು ಸಂತೋಷಪಟ್ಟರು. ಘಟ್ಟದ ಕಾಡಿನಲ್ಲಿ ಬೆಳೆಯುವ ಕವಲ ಮರಕ್ಕೆ ಶಾಸ್ತ್ರಜ್ಞರಿಟ್ಟ ಹೆಸರಿನಲ್ಲಿ ಕೇರಿಯವರ ಹೆಸರೇ ಸೇರಿದೆ. 1820ರ ಸಪ್ಟಂಬರಿನಲ್ಲಿ ಅವರು ರೈತರ ಹಿತಕ್ಕಾಗಿ ಕಲಕತ್ತೆಯಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಹುಟ್ಟಿಸಿದರು. ಶಾರ್ಲಟ್ ಅಮ್ಮನವರು ಅದನ್ನು ನೋಡಿದರು. 1821ನೇ ಮೇ 30ರಂದು ತೀರಿಹೋದರು.

ಕೇರಿಯವರು ಗ್ರೇಸ್ ಎಂಬ ವಿಧವೆಯನ್ನು ಮೂರನೆಯದಾಗಿ ಮದುವೆಯಾದರು. 1823ರ ಅಕ್ಟೋಬರಿನಲ್ಲಿ ದೋಣಿಯಿಂದಿಳಿಯುವಾಗ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಹಾಸಿಗೆ ಹಿಡಿದರು. ಈಗ ರೋಗಿಯು ಅವರೇ, ಉಪಚಾರ ಮಾಡುವವರು ಹೆಂಡತಿ. ಆ ತಿಂಗಳಲ್ಲಿಯೇ ನದಿಯು ದಡ ಮೀರಿ ತೋಟದ ಮೇಲೆ ಹರಿಯಿತು. ವರುಷಗಳ ದುಡಿಮೆಯು ನೀರಲ್ಲಿ ಹೋಯಿತು. ಊರುಗೋಲಿನ ಮೇಲೆ ಎದ್ದ ಕೂಡಲೇ ಅವರು ಮತ್ತೆ ನಡತೊಡಗಿದರು. ಕಡೆಯ ದಿನಗಳಲ್ಲಿ ಕುರ್ಚಿಯ ಗಾಡಿಯಲ್ಲಿ ಅವರನ್ನು ತೋಟಕ್ಕೆ ತಳ್ಳಿಕೊಂಡು ಹೋಗುವರು. ಅದೂ ಆಗದಾದಾಗ ಮಾಲಿಯು ಮಂಚದ ಬಳಿಗೆ ಬಂದು ಗಿಡಗಳ ಸಮಾಚಾರವನ್ನು ಹೇಳುವನು.

1834ನೇ ಜೂನ್ 9ರಂದು ಅವರು ತೀರಿಕೊಂಡರು. ಶಾರ್ಲಟ್ ಅಮ್ಮನವರ ಪಕ್ಕದಲ್ಲಿ ತನ್ನನ್ನು ಹೂಳಬೇಕೆಂದು ಮರಣಪತ್ರದಲ್ಲಿ ಬರೆದಿಟ್ಟಿದ್ದರು. ಶ್ರೀರಾಮಪುರದಲ್ಲಿ ಹಾಗೆಯೇ ಹೂಳಿದರು.