ಮಕ್ಕಳಿಗೆ ದಾಸೋಹವನ್ನು ಕಲಿಸಿದ ಪೆಸ್ಟಲಾಜಿ

ದಯೆಯನ್ನು ಕುರಿತು ಪಾಠ ಹೇಳುವುದು ಸುಲಭ; ದಯೆಯುಳ್ಳ ಮಕ್ಕಳನ್ನು ಬೆಳೆಸುವುದು ಕಷ್ಟ. ಪುಸ್ತಕದಲ್ಲಿ ಓದಿದ ಪರೋಪಕಾರವು ಪರೀಕ್ಷೆಯ ದಿನ ಬಾಯಿಗೆ ಬರುವುದುಂಟು. ಹಸಿದವನು ಬಾಗಿಲಿಗೆ ಬಂದ ದಿನ ಅದು ಕೈಗೆ ಬರುವುದೆಂಬ ಭರವಸೆಯಿಲ್ಲ. ಅರಿವಿಗೂ ಆಚಾರಕ್ಕೂ ನಡುವೆ ಇರುವ ಈ ಅಂತರವನ್ನು ಶಾಲೆಯೊಳಗೇ ಅಳಿಸಬೇಕೆಂದು ತನ್ನ ಬಾಳನ್ನೆಲ್ಲ ಸವೆಸಿದ ಒಬ್ಬ ಪುಣ್ಯಪುರುಷನು ಸ್ವಿಟ್ಜರ್ಲೆಂಡ್ ದೇಶದಲ್ಲಿ ಆಗಿಹೋದನು. ಯೋಹಾನ್ ಹೈನ್ರಿಕ್ ಪೆಸ್ಟಲಾಜಿ ಎಂಬುದು ಆತನ ಹೆಸರು. ಶಿಕ್ಷಣಶಾಸ್ತ್ರವನ್ನು ಓದಿದ ಉಪಾಧ್ಯಾಯರಿಗೆ ಈ ಹೆಸರು ಹೊಸದಲ್ಲ. ಆದರೆ ಆತನ ಬಾಳಿನ ಅತ್ಯಂತ ಹಿರಿದಾದ ಪಾಠವು ನಡೆದುದು ಯಾವ ಕೀರ್ತಿವಂತ ವಿದ್ಯಾಲಯದಲ್ಲಿಯೂ ಅಲ್ಲ. ಯುದ್ಧದಲ್ಲಿ ಬೆಂದುಹೋದ ಒಂದು ಊರಿನ ಅನಾಥಾಲಯದಲ್ಲಿ.

ಪೆಸ್ಟಲಾಜಿಯು 1746ನೆಯ ಇಸವಿ ಜನವರಿ 12ರಂದು ಜ್ಯೂರಿಕ್ ಪಟ್ಟಣದಲ್ಲಿ ಜನಿಸಿದನು. ತಂದೆಯು ವೈದ್ಯವೃತ್ತಿಯವನು. 1751ರಲ್ಲಿ, ಮಗನಿಗೆ ಐದು ವರುಷವಾಗಿದ್ದಾಗ, ಆತನು ತೀರಿಕೊಂಡನು. ಮನೆಯಲ್ಲಿ ಉಳಿದವರು ವಿಧವೆಯಾದ ತಾಯಿ, ಎಳೆಯ ಮಕ್ಕಳು ಮತ್ತು ಬಾಬೆಲಿ ಎಂಬ ಸೇವಕಿ. ಮರಣಶಯ್ಯೆಯಲ್ಲಿದ್ದ ಯಜಮಾನನಿಗೆ ಈ ಕುಟುಂಬವನ್ನು ಕೈಬಿಡುವುದಿಲ್ಲವೆಂದು ಬಾಬೆಲಿಯು ಮಾತು ಕೊಟ್ಟಳು. ಕೊಟ್ಟ ಮಾತಿಗೆ ಕಟ್ಟುಬಿದ್ದು, ತನ್ನ ಸುಖವನ್ನು ಬದಿಗಿಟ್ಟು, ಆ ಮನೆಯಲ್ಲಿಯೇ ಬಾಳನ್ನು ಕಳೆದಳು. ಒಂದೆರಡು ಕಾಸು ಉಳಿಯಲೆಂದು, ಸಂತೆಯವರು ಮನೆಗೆ ಹೊರಡುವ ಹೊತ್ತಿಗೆ ಹೋಗಿ ಅಗ್ಗವಾಗಿ ಕಾಯಿಪಲ್ಯಗಳನ್ನು ಕೊಂಡು ತರುತ್ತಿದ್ದಳು. ಅಕ್ಷರವನ್ನು ಹೆಚ್ಚಾಗಿ ಬಲ್ಲವಳಲ್ಲದ ಈ ಹೆಣ್ಣುಮಗಳೇ ಬಾಲಕನ ಮೊದಲನೆಯ ಗುರು. ತನ್ನದನ್ನು ಬಿಟ್ಟುಕೊಡುವುದೆಂದರೇನೆಂಬುದನ್ನು ಅವಳು ಬಾಯಿಂದ ಹೇಳಲಿಲ್ಲ. ಬಾಲಕನು ದಿನವೂ ಕಣ್ಣಾರೆ ಕಂಡನು.

ಎರಡನೆಯ ಗುರುವು ಆತನ ಅಜ್ಜ. ಜ್ಯೂರಿಕ್ಕಿಗೆ ಸಮೀಪದ ಹೋಂಗ್ ಎಂಬ ಹಳ್ಳಿಯಲ್ಲಿ ಆ ವೃದ್ಧನು ಕ್ರೈಸ್ತ ಪುರೋಹಿತನಾಗಿದ್ದನು. ರಜೆಯ ದಿನಗಳಲ್ಲಿ ಮೊಮ್ಮಗನು ಅಲ್ಲಿಗೆ ಹೋದಾಗ, ಅಜ್ಜನು ಅವನನ್ನು ಜೊತೆಯಲ್ಲಿ ಕರೆದುಕೊಂಡು ರೋಗಿಗಳ ಹಾಸಿಗೆಯ ಬಳಿಗೂ ಬಡವರ ಗುಡಿಸಲಿಗೂ ಹಳ್ಳಿಯ ಶಾಲೆಗೂ ಹೋಗುತ್ತಿದ್ದನು. ಪಟ್ಟಣದ ಶಾಲೆಯಲ್ಲಿ ಸಹಪಾಠಿಗಳು ಈ ಬಾಲಕನನ್ನು ಮಂಕನೆಂದು ಹಾಸ್ಯಮಾಡುತ್ತಿದ್ದರು. ಆದರೆ ಶಾಲೆಯ ಗೋಡೆಯ ಹೊರಗೆ, ಅಜ್ಜನ ಕೈಹಿಡಿದು ನಡೆದ ಆ ದಾರಿಗಳಲ್ಲಿ, ಅವನು ಕಲಿತುದು ಕೊನೆಯವರೆಗೂ ಮಾಸಲಿಲ್ಲ.

ಯೌವನದಲ್ಲಿ ರೂಸೋವಿನ ಗ್ರಂಥಗಳು ಆತನ ಮನಸ್ಸನ್ನು ಸೆಳೆದುವು. ಧರ್ಮೋಪದೇಶಕನಾಗುವ ಆಸೆಯನ್ನೂ ವಕೀಲನಾಗುವ ಆಸೆಯನ್ನೂ ಬಿಟ್ಟು, ಭೂಮಿಯನ್ನು ಉತ್ತು ಬದುಕಬೇಕೆಂದು ಆತನು ನಿಶ್ಚಯಿಸಿದನು. 1769ರಲ್ಲಿ ಆನಾ ಶುಲ್ತೆಸ್ ಎಂಬ ಸಂಪನ್ನ ಮನೆತನದ ಕನ್ಯೆಯು, ತಂದೆತಾಯಿಗಳಿಗೆ ಒಪ್ಪಿಗೆಯಿಲ್ಲದಿದ್ದರೂ, ಆತನ ಕೈಹಿಡಿದಳು. ಬಿರ್ ಎಂಬ ಹಳ್ಳಿಯ ಹತ್ತಿರ ಭೂಮಿಯನ್ನು ಕೊಂಡು, ಮನೆಯನ್ನು ಕಟ್ಟಿ, ಅದಕ್ಕೆ ನೋಯ್‌ಹೋಫ್ ಎಂದು ಹೆಸರಿಟ್ಟರು. ಬೇಸಾಯವು ಕೈಹತ್ತಲಿಲ್ಲ, ಸಾಲವು ಬೆಳೆಯಿತು. ಬೇರೆಯವನಾಗಿದ್ದರೆ ಇಷ್ಟಕ್ಕೇ ಎದೆಗುಂದಿ ಪಟ್ಟಣಕ್ಕೆ ಮರಳುತ್ತಿದ್ದನು. ಪೆಸ್ಟಲಾಜಿಯ ಕಣ್ಣಿಗೆ ತನ್ನ ನಷ್ಟಕ್ಕಿಂತ ಬೀದಿಯಲ್ಲಿ ತಿರಿಯುವ ಮಕ್ಕಳು ದೊಡ್ಡದಾಗಿ ಕಂಡರು. 1774ರಲ್ಲಿ ಅಂತಹ ಮಕ್ಕಳನ್ನು ತನ್ನ ಮನೆಗೇ ಕರೆತಂದು, ಅನ್ನವಸ್ತ್ರಗಳನ್ನು ಕೊಟ್ಟು, ನೂಲುವ, ನೇಯುವ ಮತ್ತು ಹೊಲದ ಕೆಲಸಗಳೊಡನೆ ಓದುಬರಹ ಲೆಕ್ಕಗಳನ್ನು ಕಲಿಸತೊಡಗಿದನು. ಭಿಕ್ಷೆಯು ಮಗುವನ್ನು ಆ ದಿನಕ್ಕೆ ಉಳಿಸೀತು. ಕಾಯಕವು ಅವನನ್ನು ಮನುಷ್ಯನನ್ನಾಗಿ ನಿಲ್ಲಿಸುವುದೆಂಬುದು ಆತನ ನಂಬಿಕೆ.

ಆದರೆ ನಂಬಿಕೆಯಷ್ಟೇ ವ್ಯವಹಾರಜ್ಞಾನವು ಆತನಿಗಿರಲಿಲ್ಲ. ಎಳೆಯ ಕೈಗಳು ನೂತ ನೂಲಿನಿಂದ ಸಂಸ್ಥೆಯು ತನ್ನ ಕಾಲಮೇಲೆ ತಾನು ನಿಂತೀತೆಂದು ಎಣಿಸಿದ್ದು ತಪ್ಪಾಯಿತು. ಕೆಲವರು ತಂದೆತಾಯಿಗಳು ಮಕ್ಕಳಿಗೆ ಹೊಸ ಬಟ್ಟೆ ಸಿಕ್ಕುವವರೆಗೆ ಕಾದಿದ್ದು, ಅನಂತರ ಅವರನ್ನು ಕರೆದೊಯ್ದುಬಿಡುತ್ತಿದ್ದರು. ಹೆಂಡತಿಯ ಆಸ್ತಿಯೂ ಕರಗಿತು. 1780ರಲ್ಲಿ ಆ ಶಾಲೆಯನ್ನು ಮುಚ್ಚಬೇಕಾಯಿತು. ಬಂಧುಗಳು ಆತನನ್ನು ಕೆಲಸಕ್ಕೆ ಬಾರದವನೆಂದು ತಳ್ಳಿಹಾಕಿದರು. ಮುಂದಿನ ಹದಿನೆಂಟು ವರುಷಗಳನ್ನು ಆತನು ಬಡತನದಲ್ಲಿ, ಬರವಣಿಗೆಯಲ್ಲಿ ಕಳೆದನು. 1781ರಲ್ಲಿ ಹೊರಬಂದ ಲೀನ್‌ಹಾರ್ಡ್ ಮತ್ತು ಗೆರ್‌ಟ್ರೂಡ್ ಎಂಬ ಕಾದಂಬರಿಯು ಯೂರೋಪಿನಲ್ಲೆಲ್ಲ ಹೆಸರು ತಂದಿತು. 1792ರಲ್ಲಿ ಫ್ರಾನ್ಸಿನ ಶಾಸನಸಭೆಯು ಗೌರವ ಪೌರತ್ವವನ್ನು ನೀಡಿತು. ಆದರೂ ಆತನ ಮನಸ್ಸಿಗೆ ಸಮಾಧಾನವಿರಲಿಲ್ಲ. ಪುಸ್ತಕವನ್ನು ಬರೆಯುವುದಲ್ಲ, ಮಕ್ಕಳ ನಡುವೆ ಇರುವುದೇ ಆತನಿಗೆ ಬೇಕಾಗಿತ್ತು.

ಆ ಅವಕಾಶವು ಒಂದು ಘೋರ ವಿಪತ್ತಿನ ರೂಪದಲ್ಲಿ ಬಂದಿತು. 1798ರಲ್ಲಿ ಫ್ರೆಂಚರ ಸೈನ್ಯಬಲದಿಂದ ಸ್ವಿಟ್ಜರ್ಲೆಂಡಿನಲ್ಲಿ ಹೊಸ ಸರ್ಕಾರವು ಸ್ಥಾಪಿತವಾಯಿತು. ನಿಡ್ವಾಲ್ಡೆನ್ ಎಂಬ ಗುಡ್ಡಗಾಡಿನ ಜನರು ಅದಕ್ಕೆ ಪ್ರಮಾಣವಚನ ಕೊಡಲು ಒಪ್ಪಲಿಲ್ಲ. ಸೆಪ್ಟೆಂಬರ್ 9ರಂದು ಫ್ರೆಂಚ್ ಸೈನ್ಯವು ಅವರ ಮೇಲೆ ಬಿದ್ದಿತು. ನೂರಾರು ಮಂದಿ ಹತರಾದರು, ಮನೆಗಳು ಉರಿದುವು, ಮಕ್ಕಳು ದಿಕ್ಕಿಲ್ಲದವರಾದರು. ಆ ಪ್ರಾಂತದ ಮುಖ್ಯ ಪಟ್ಟಣವಾದ ಸ್ಟಾನ್ಸಿನಲ್ಲಿ ಅನಾಥಾಲಯವನ್ನು ನಡೆಸಲು ಸರ್ಕಾರವು ಪೆಸ್ಟಲಾಜಿಯನ್ನು ಕಳುಹಿಸಿತು. ಸಂನ್ಯಾಸಿನಿಯರ ಮಠವೊಂದರ ಭಾಗದಲ್ಲಿ, 1799ರ ಜನವರಿ 14ರಂದು ಅದು ತೆರೆಯಿತು. ಆತನಿಗೆ ಆಗ ಐವತ್ತಮೂರು ವರುಷ.

ಬಂದ ಮಕ್ಕಳ ಸ್ಥಿತಿಯು ಕರುಳು ಹಿಂಡುವಂತಿತ್ತು. ಕಜ್ಜಿ ಹುಣ್ಣುಗಳು ಮೈತುಂಬ, ಹೇನು ತಲೆತುಂಬ. ಕೆಲವರು ಎಲುಬಿನ ಗೂಡಾಗಿದ್ದರು. ಕೆಲವರ ಕಣ್ಣಿನಲ್ಲಿ ಭಯ, ಕೆಲವರ ಕಣ್ಣಿನಲ್ಲಿ ಕಪಟ. ಮಕ್ಕಳ ಸಂಖ್ಯೆಯು ಸುಮಾರು 80ಕ್ಕೆ ಏರಿತು. ಅವರನ್ನು ನೋಡಿಕೊಳ್ಳಲು ಪೆಸ್ಟಲಾಜಿ ಮತ್ತು ಅಡಿಗೆ ಮನೆವಾರ್ತೆಗಳಿಗೆ ಒಬ್ಬ ಹೆಂಗಸು, ಇಷ್ಟೆ. ಊರಿನವರ ವಿಶ್ವಾಸವೂ ಇರಲಿಲ್ಲ. ಅವರು ಕ್ಯಾಥೊಲಿಕರು, ಆತನು ಪ್ರಾಟೆಸ್ಟಂಟ್. ತಮ್ಮ ಮನೆಗಳನ್ನು ಸುಡಿಸಿದ ಸರ್ಕಾರದ ಮನುಷ್ಯನೆಂದು ಅವರು ಆತನನ್ನು ಸಂಶಯದಿಂದ ನೋಡಿದರು. ಆತನು ಯಾರಿಗೂ ಉತ್ತರ ಹೇಳಲು ಹೋಗಲಿಲ್ಲ. ಮಕ್ಕಳ ಮೈ ತೊಳೆದನು, ಅವರೊಡನೆ ಉಂಡನು, ಅವರ ನಡುವೆ ಮಲಗಿದನು. ರಾತ್ರಿ ಎಲ್ಲರಿಗಿಂತ ಕಡೆಗೆ ಮಲಗುವವನೂ ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವವನೂ ಆತನೇ. ಸಹಾಯಕ ಉಪಾಧ್ಯಾಯರಿಲ್ಲದ ಕಾರಣ, ಬಲ್ಲ ಮಗುವು ಅರಿಯದ ಮಗುವಿನ ಪಕ್ಕದಲ್ಲಿ ಕುಳಿತು ಕಲಿಸುವ ಏರ್ಪಾಡನ್ನು ಮಾಡಿದನು. ನಿನ್ನೆ ಬೀದಿಯಲ್ಲಿ ತುಂಡು ರೊಟ್ಟಿಗಾಗಿ ಬಡಿದಾಡಿದವರು ಇಂದು ಒಬ್ಬರ ಹೆಗಲಮೇಲೆ ಒಬ್ಬರು ಕೈಯಿಟ್ಟು ಅಕ್ಷರ ತಿದ್ದಿದರು.

ನೀತಿಪಾಠದಲ್ಲಿ ಆತನ ಕ್ರಮವೇ ಬೇರೆ. ಮಗುವಿನ ಹಸಿವು ನೋವುಗಳನ್ನು ನೀಗಿಸಿ ಅದರ ಹೃದಯದಲ್ಲಿ ಪ್ರೀತಿಯನ್ನು ಮೊದಲು ಎಚ್ಚರಿಸಬೇಕು. ಆ ಪ್ರೀತಿಯನ್ನು ಒಳ್ಳೆಯ ಕೆಲಸದಲ್ಲಿ, ತನ್ನ ಆಸೆಯನ್ನು ತಾನು ಹಿಡಿಯುವುದರಲ್ಲಿ ಎರಡನೆಯದಾಗಿ ಅಭ್ಯಾಸಮಾಡಿಸಬೇಕು. ಧರ್ಮಾಧರ್ಮಗಳ ಮಾತು ಕಡೆಗೆ ಬರಬೇಕು. ಲೋಕದ ಶಾಲೆಗಳಲ್ಲಿ ಮಾತು ಮೊದಲು, ಕೃತಿ ಕೊನೆಗೆ. ಕೃತಿಯು ಬಾರದೆ ಹೋಗುವುದೂ ಉಂಟು. ಆತನು ಆ ಸಾಲನ್ನು ತಿರುಗಿಸಿದನು.

ಈ ಕ್ರಮಕ್ಕೆ ಪರೀಕ್ಷೆಯ ದಿನವು ಬೇಗನೆ ಬಂದಿತು. 1799ರ ಏಪ್ರಿಲ್ 5ರಂದು ನೆರೆಯ ಊರಿ ಪ್ರಾಂತದ ಮುಖ್ಯ ಪಟ್ಟಣವಾದ ಆಲ್ಟ್‌ಡಾರ್ಫ್ ಬೆಂಕಿಗೆ ಆಹುತಿಯಾಯಿತು. ಸುದ್ದಿಯು ತಲುಪಿದೊಡನೆ ಪೆಸ್ಟಲಾಜಿಯು ಮಕ್ಕಳನ್ನೆಲ್ಲ ತನ್ನ ಸುತ್ತಲೂ ಕೂಡಿಸಿಕೊಂಡನು. ಆ ಊರಿನಲ್ಲಿ ಅದೆಷ್ಟೋ ಮಕ್ಕಳು ಮನೆಯಿಲ್ಲದೆ, ಅನ್ನವಿಲ್ಲದೆ, ಬಟ್ಟೆಯಿಲ್ಲದೆ ನಿಂತಿರಬಹುದೆಂದು ತಿಳಿಸಿ, ಅವರಲ್ಲಿ ಇಪ್ಪತ್ತು ಮಂದಿಯನ್ನು ಈ ಮನೆಗೆ ಕರೆದುಕೊಳ್ಳಲು ಸರ್ಕಾರವನ್ನು ಕೇಳಿಕೊಳ್ಳೋಣವೇ ಎಂದು ವಿಚಾರಿಸಿದನು. ಮಕ್ಕಳು ಕೂಡಲೇ ಆಗಲಿ ಎಂದರು.

ಅನೇಕ ಉಪಾಧ್ಯಾಯರು ಇಲ್ಲಿಗೆ ತೃಪ್ತರಾಗಿ ಮಕ್ಕಳನ್ನು ಹೊಗಳಿ ಕಳುಹಿಸುತ್ತಿದ್ದರು. ಪೆಸ್ಟಲಾಜಿಯು ತೃಪ್ತನಾಗಲಿಲ್ಲ. ಸುಲಭವಾಗಿ ಬಂದ ಒಪ್ಪಿಗೆಯು ಸುಲಭವಾಗಿಯೇ ಹೋಗುವುದೆಂದು ಆತನು ಬಲ್ಲನು. ಆದುದರಿಂದ ಈ ದಾನದ ಬೆಲೆಯನ್ನು ಅವರ ಮುಂದೆ ಮುಚ್ಚುಮರೆಯಿಲ್ಲದೆ ಇಟ್ಟನು. ಮನೆಯಲ್ಲಿ ಹಣವು ಸಾಲದು; ಹೊಸ ಮಕ್ಕಳಿಗಾಗಿ ಹೆಚ್ಚು ಹಣ ಬರುವುದೆಂಬ ನಿಶ್ಚಯವಿಲ್ಲ. ಅವರು ಬಂದರೆ ಈಗಿರುವವರು ಹೆಚ್ಚು ದುಡಿಯಬೇಕಾದೀತು, ಕಡಮೆ ಉಣ್ಣಬೇಕಾದೀತು, ತಮ್ಮ ಬಟ್ಟೆಗಳನ್ನೂ ಹಂಚಿಕೊಳ್ಳಬೇಕಾದೀತು. ಇದಕ್ಕೆ ಮನಃಪೂರ್ವಕವಾಗಿ ಸಿದ್ಧರಿದ್ದರೆ ಮಾತ್ರ ಒಪ್ಪಬೇಕೆಂದು ಸ್ಪಷ್ಟಪಡಿಸಿದನು. ಹೇಳಿದುದು ಅರ್ಥವಾಯಿತೋ ಇಲ್ಲವೋ ಎಂದು ಅವರ ಬಾಯಿಂದಲೇ ಅದನ್ನು ಮತ್ತೆ ಹೇಳಿಸಿದನು. ಮಕ್ಕಳು ಹಿಂದೆಗೆಯಲಿಲ್ಲ. ಕಡಮೆ ಉಂಡರೂ ಸರಿ, ಹೆಚ್ಚು ದುಡಿದರೂ ಸರಿ, ಅವರು ಬರಲಿ ಎಂದು ಒಕ್ಕೊರಲಿನಿಂದ ಬೇಡಿಕೊಂಡರು. ಮೂರು ತಿಂಗಳ ಹಿಂದೆ ತಾವೇ ತಿರಿದುಣ್ಣುತ್ತಿದ್ದ ಮಕ್ಕಳು ಇವರು! ಹಸಿವೆಂದರೇನೆಂದು ಬಲ್ಲವರು ತಿಳಿದು ತಿಳಿದು ತಮ್ಮ ತುತ್ತನ್ನು ಪರರಿಗೆ ಬಿಟ್ಟುಕೊಡಲು ನಿಂತರು. ದಾಸೋಹವೆಂಬ ಮಾತನ್ನು ಆ ಮಕ್ಕಳು ಕೇಳಿದವರಲ್ಲ. ಅದರ ತಿರುಳು ಅವರ ಕೈಗೆ ಬಂದಿತ್ತು.

ಸಂತೋಷವು ಬಹುಕಾಲ ಉಳಿಯಲಿಲ್ಲ. ಜೂನ್ ತಿಂಗಳಲ್ಲಿ ಯುದ್ಧವು ಮತ್ತೆ ಸಮೀಪಿಸಿ, ಫ್ರೆಂಚ್ ಸೈನಿಕರ ಆಸ್ಪತ್ರೆಗೆ ಆ ಕಟ್ಟಡವು ಬೇಕಾಯಿತು. ಐದು ತಿಂಗಳು ತುಂಬುವ ಮೊದಲೇ, 8ನೆಯ ತಾರೀಖಿನಂದು, ಪೆಸ್ಟಲಾಜಿಯು ಬಹುಮಂದಿ ಮಕ್ಕಳಿಗೆ ಬಟ್ಟೆಬರೆಗಳನ್ನೂ ಸ್ವಲ್ಪ ಹಣವನ್ನೂ ಕೊಟ್ಟು ಕಳುಹಿಸಿದನು. ದುಡಿತದಿಂದ ಆತನ ದೇಹವು ಜರ್ಝರಿತವಾಗಿ, ಕೆಮ್ಮಿದರೆ ರಕ್ತ ಬರುತ್ತಿತ್ತು. ಲೋಕವು ಇದನ್ನೂ ಆತನ ಸೋಲುಗಳ ಪಟ್ಟಿಗೆ ಸೇರಿಸಿತು.

ಚೇತರಿಸಿಕೊಂಡ ಕೆಲವೇ ತಿಂಗಳಲ್ಲಿ ಆತನು ಬುರ್ಗ್‌ಡಾರ್ಫಿನಲ್ಲಿ ಮತ್ತೆ ಮಕ್ಕಳ ಮುಂದೆ ನಿಂತನು. ಆ ವೇಳೆಗೆ ಪೂರ್ವ ಸ್ವಿಟ್ಜರ್ಲೆಂಡಿನಲ್ಲಿ ಯುದ್ಧವೂ ಕ್ಷಾಮವೂ ಜನರನ್ನು ಪೀಡಿಸುತ್ತಿದ್ದುವು. 1800ರಲ್ಲಿ ಹರ್ಮನ್ ಕ್ರ್ಯೂಸಿ ಎಂಬ ತರುಣ ಉಪಾಧ್ಯಾಯನು ಆಪೆನ್‌ಟ್ಸೆಲ್ ಪ್ರಾಂತದಿಂದ ಬಡ ಮಕ್ಕಳ ಗುಂಪೊಂದನ್ನು ಕರೆದುಕೊಂಡು ಬುರ್ಗ್‌ಡಾರ್ಫಿಗೆ ಬಂದನು. ಊರಿನ ಗೃಹಸ್ಥರು ಆ ಮಕ್ಕಳಿಗೆ ಆಶ್ರಯವಿತ್ತರು. ಕ್ರ್ಯೂಸಿಯು ಪೆಸ್ಟಲಾಜಿಗೆ ಬಾಳಿನ ಸಂಗಾತಿಯಾದನು. 1801ರಲ್ಲಿ ಆತನ ಶಿಕ್ಷಣಪದ್ಧತಿಯನ್ನು ವಿವರಿಸುವ ಗ್ರಂಥವು ಪ್ರಕಟವಾಯಿತು.

1805ರಿಂದ ಇಪ್ಪತ್ತು ವರುಷಗಳ ಕಾಲ ಇವರ್‌ಡನ್ ಪಟ್ಟಣದ ಕೋಟೆಯು ಆತನ ವಿದ್ಯಾಲಯವಾಗಿತ್ತು. ನಾನಾ ದೇಶಗಳಿಂದ ವಿದ್ಯಾರ್ಥಿಗಳೂ ವಿದ್ವಾಂಸರೂ ಅಲ್ಲಿಗೆ ಬಂದರು. ಮುಂದೆ ಶಿಶುವಿಹಾರಗಳನ್ನು ಸ್ಥಾಪಿಸಿದ ಫ್ರೋಬೆಲನೂ ಅವರಲ್ಲಿ ಒಬ್ಬನು. ಅಲ್ಲಿಯೂ ಪಾಠವು ನಾಲ್ಕು ಗೋಡೆಗಳಿಗೆ ಅಂಟಿಕೊಂಡಿರಲಿಲ್ಲ. ಭೂಗೋಳದ ಪಾಠವೆಂದರೆ ಮಕ್ಕಳು ಬ್ಯೂರಾನ್ ಹೊಳೆಯ ಕಣಿವೆಗೆ ನಡೆದುಹೋಗಿ, ಅದನ್ನು ಚೆನ್ನಾಗಿ ನೋಡಿ, ಅಲ್ಲಿಯ ಜೇಡಿಮಣ್ಣನ್ನು ಹೊತ್ತು ತಂದು, ಮೇಜುಗಳ ಮೇಲೆ ಆ ಕಣಿವೆಯನ್ನೇ ಕೈಯಾರೆ ಮಾಡುತ್ತಿದ್ದರು. ಇಷ್ಟಾದ ಮೇಲೆಯೇ ಭೂಪಟವು ಅವರ ಕಣ್ಣಿಗೆ ಬೀಳುತ್ತಿತ್ತು. ಕಂಡುದನ್ನು ಕೈ ಮಾಡಬೇಕು, ಕೈ ಮಾಡಿದುದನ್ನು ಬುದ್ಧಿ ತಿಳಿಯಬೇಕು. ತಲೆ, ಹೃದಯ, ಕೈ ಮೂರೂ ಕೂಡಿ ಬೆಳೆದರೆ ಮಾತ್ರ ವಿದ್ಯೆಯೆಂಬುದು ಆತನ ಸಿದ್ಧಾಂತದ ಸಾರ.

ಕೀರ್ತಿಯು ಬಂದಿತು, ಆದರೆ ಬಂದವರಲ್ಲಿ ಬಹುಮಂದಿ ಉಳ್ಳವರ ಮಕ್ಕಳು. ಇದು ಆತನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. 1815ರಲ್ಲಿ ಪತ್ನಿಯು ತೀರಿಕೊಂಡಳು. ಸಹೋದ್ಯೋಗಿಗಳಲ್ಲಿ ಕಲಹಗಳು ಬೆಳೆದುವು. 1818ರಲ್ಲಿ, ಎಪ್ಪತ್ತೆರಡರ ವೃದ್ಧನು ತನ್ನ ಸಮಗ್ರ ಕೃತಿಗಳಿಂದ ಬರುವ ಹಣವನ್ನು ಮೀಸಲಿಟ್ಟು, ಸಮೀಪದ ಕ್ಲಿಂಡಿ ಎಂಬಲ್ಲಿ ಬಡ ಮಕ್ಕಳಿಗಾಗಿ ಮತ್ತೊಂದು ಶಾಲೆಯನ್ನು ತೆರೆದನು. ಅದೂ ಬಹುಕಾಲ ಪ್ರತ್ಯೇಕವಾಗಿ ನಿಲ್ಲಲಿಲ್ಲ. 1825ರಲ್ಲಿ ಇವರ್‌ಡನ್ ವಿದ್ಯಾಲಯವೂ ಮುಚ್ಚಿತು. ಐವತ್ತು ವರುಷಗಳ ಹಿಂದೆ ತಿರುಕ ಮಕ್ಕಳನ್ನು ಕರೆತಂದಿದ್ದ ನೋಯ್‌ಹೋಫಿಗೇ ಆತನು ಮರಳಿದನು. 1827ರ ಫೆಬ್ರವರಿ 17ರಂದು ಬ್ರೂಗ್ ಎಂಬ ಊರಿನಲ್ಲಿ ಆತನ ಪ್ರಾಣವು ಹೋಯಿತು. ಬಿರ್ ಗ್ರಾಮದ ಶಾಲೆಯ ಪಕ್ಕದಲ್ಲಿ ಆತನನ್ನು ಮಣ್ಣುಮಾಡಿದರು. 1846ರಲ್ಲಿ, ಹುಟ್ಟಿದ ನೂರನೆಯ ವರುಷದಲ್ಲಿ, ಅಲ್ಲಿಯೇ ಆತನ ಸ್ಮಾರಕವು ಎದ್ದಿತು. ಅದಾದ ನೂರು ವರುಷಗಳ ಮೇಲೆ, 1946ರಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಅನಾಥರಾದ ನಾನಾ ದೇಶಗಳ ಮಕ್ಕಳಿಗಾಗಿ ಟ್ರೋಗನ್ ಎಂಬಲ್ಲಿ ಸ್ಥಾಪಿತವಾದ ಮಕ್ಕಳ ಗ್ರಾಮಕ್ಕೆ ಪೆಸ್ಟಲಾಜಿಯ ಹೆಸರನ್ನೇ ಇಟ್ಟರು.

ಶಾಲೆಗಳಲ್ಲಿ ದಾನಧರ್ಮದ ಕಾರ್ಯಗಳು ನಡೆಯುವುದು ಈಗ ಅಪರೂಪವಲ್ಲ. ಮಕ್ಕಳು ಮನೆಯಿಂದ ಹಣ ತಂದು ಪೆಟ್ಟಿಗೆಗೆ ಹಾಕುತ್ತಾರೆ. ಹಳೆಯ ಬಟ್ಟೆಗಳನ್ನು ಕೂಡಿಸಿ ಕಳುಹಿಸುತ್ತಾರೆ. ಇವು ಒಳ್ಳೆಯವೇ. ಆದರೆ ತಂದೆಯ ಜೇಬಿನ ಹಣವನ್ನು ಕೊಟ್ಟ ಮಗುವು ಇನ್ನೂ ಕೊಟ್ಟಂತಾಗಲಿಲ್ಲ. ತಂದೆಯು ಕೊಟ್ಟನು, ಮಗುವು ಒಯ್ದಿತು. ತನ್ನ ಪಾಲೆಂಬುದು ಯಾವುದು, ಅದರಲ್ಲಿ ಎಷ್ಟು ಕಡಮೆಯಾಗುವುದು ಎಂಬುದನ್ನು ಮುಂಚಿತವಾಗಿ ತಿಳಿದು, ಒತ್ತಾಯವಿಲ್ಲದೆ ಒಪ್ಪಿದ ದಿನ ಮಗುವು ಕೊಡುವುದನ್ನು ಕಲಿಯುತ್ತದೆ. ಮಕ್ಕಳನ್ನು ಕೇಳದೆ ಅವರ ಹೆಸರಿನಲ್ಲಿ ದಾನಮಾಡುವ ಗುರುವು ಅವರಿಂದ ಈ ಕಲಿಕೆಯನ್ನು ಕಸಿದುಕೊಂಡಂತೆ. ಸ್ಟಾನ್ಸಿನ ಗುರುವು ಕೇಳಿದನು. ಬೆಲೆಯನ್ನು ಹೇಳಿ ಕೇಳಿದನು. ಬೇಡವೆನ್ನುವ ಸ್ವಾತಂತ್ರ್ಯವನ್ನೂ ಕೊಟ್ಟು ಕೇಳಿದನು. ಆತನು ಕಟ್ಟಿದ ಹಲವು ಶಾಲೆಗಳು ಆತನ ಕಣ್ಣೆದುರಿಗೇ ಮುಚ್ಚಿದುವು. ಆದರೆ ಆ ಏಪ್ರಿಲ್ ತಿಂಗಳಲ್ಲಿ ಎಂಬತ್ತು ಎಳೆಯ ಕಂಠಗಳು ಕೊಟ್ಟ ಒಪ್ಪಿಗೆಯೊಂದೇ, ಆತನ ಬಾಳು ಸೋಲಲ್ಲವೆಂಬುದಕ್ಕೆ ಸಾಕಾದ ಸಾಕ್ಷಿ.