ದಾಳದ ಲೆಕ್ಕ ಬಲ್ಲ ಕಾರ್ಡಾನೋ

ಹತ್ತನೆಯ ತರಗತಿಯ ಗಣಿತದಲ್ಲಿ ಸಂಭವನೀಯತೆಯ ಪಾಠ ಬಂದಾಗ ನೀವು ದಾಳದ ಲೆಕ್ಕ ಮಾಡುತ್ತೀರಿ. ಜೂಜು ಹರಾಮ್ ಆಗಿರುವಾಗ ಶಾಲೆಯಲ್ಲಿ ದಾಳವೇಕೆ ಎಂದು ನಮ್ಮ ಸದಲಗಾದ ಮನೆಗಳಲ್ಲಿ ಹಿರಿಯರು ಕೇಳಿದರೆ ತಪ್ಪೇನಿಲ್ಲ. ಈ ಲೆಕ್ಕದ ಮೇಲೆ ಮೊದಲು ಪುಸ್ತಕ ಬರೆದ ಜಿರೋಲಾಮೋ ಕಾರ್ಡಾನೋನ ಬಾಳನ್ನು ಅವರಿಗೂ ಓದಿ ಹೇಳಿ.

ಈತ ಇಟಲಿಯ ಪಾವಿಯಾದಲ್ಲಿ 1501ರ ಸೆಪ್ಟೆಂಬರ್ 24ರಂದು ಜನಿಸಿದ. ತಂದೆ ವಕೀಲ, ಗಣಿತವನ್ನೂ ಬಲ್ಲವನು. ಆದರೆ ತಂದೆತಾಯಿಗೆ ಆಗ ಮದುವೆಯಾಗಿರಲಿಲ್ಲ. ಆ ಕಾರಣಕ್ಕೆ, ಪಾದುವಾದಲ್ಲಿ ವೈದ್ಯ ಪದವಿ ಪಡೆದು ಬಂದರೂ ಮಿಲಾನಿನ ವೈದ್ಯರ ಸಂಘ 1539ರವರೆಗೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಕೈಯಲ್ಲಿ ವಿದ್ಯೆಯಿದ್ದೂ ಹೊಟ್ಟೆಪಾಡಿಗೆ ದಾರಿಯಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಅಂಟಿದ್ದ ಜೂಜು ಈಗ ಮನೆಯನ್ನೇ ನುಂಗಿತು. ಹೆಂಡತಿಯ ಒಡವೆ, ಮನೆಯ ಸಾಮಾನು ಒತ್ತೆಯಿಟ್ಟ. ಕೊನೆಗೆ ಕುಟುಂಬ ಸಮೇತ ಬಡವರ ಆಶ್ರಯಧಾಮ ಸೇರಬೇಕಾಯಿತು.

ಲೆಕ್ಕ ಬಾರದೆ ಸೋತವನೇ ಎಂದರೆ, ಅಲ್ಲ. ದಾಳದ ಬಗ್ಗೆ ಅವನಷ್ಟು ತಿಳಿದವರು ಆಗ ಯುರೋಪಿನಲ್ಲಿ ವಿರಳ. ಎರಡು ದಾಳ ಉರುಳಿಸಿದರೆ 36 ಬಗೆ, ಮೂರಾದರೆ 216 ಬಗೆ. ಬೇಕಾದ ಬಗೆಗಳನ್ನು ಒಟ್ಟು ಬಗೆಗಳೊಡನೆ ಹೋಲಿಸಬೇಕೆಂದು ಅವನು ತೋರಿಸಿದ. ಎರಡು ದಾಳಗಳ ಮೊತ್ತ 2 ಬರಲು ಒಂದೇ ದಾರಿ, 7 ಬರಲು ಆರು. (ವಸ್ತುಗಳನ್ನು ಆಯ್ದುಕೊಳ್ಳುವ ಬಗೆಗಳನ್ನು ಎಣಿಸುವ ಸೂತ್ರವನ್ನು ಅವನಿಗಿಂತ ಏಳು ಶತಮಾನ ಮೊದಲೇ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದರೆಂಬುದು ಕನ್ನಡಿಗರಾದ ನಮಗೆ ನೆನಪಿರಲಿ.)

ಆದರೂ ಒಂದು ಕಡೆ ಎಡವಿದ. ಒಂದು ದಾಳವನ್ನು ಮೂರು ಸಲ ಎಸೆದರೆ, ಬೇಕಾದ ಮುಖ ಒಮ್ಮೆಯಾದರೂ ಬೀಳುವ ಸಂಭವ ಅರ್ಧಕ್ಕರ್ಧ ಎಂದು ಬರೆದ. ಆರು ಮುಖ, ಮೂರು ಅವಕಾಶ. ನೀವೂ ಹಾಗೇ ಹೇಳುತ್ತಿದ್ದಿರೇನೋ. ಎಣಿಸಿ ನೋಡಿ. ಮೂರು ಸಲವೂ 6 ಬೀಳದಿರುವ ಬಗೆಗಳು 5×5×5, ಅಂದರೆ 125. ಒಟ್ಟು 216ರಲ್ಲಿ ಅದನ್ನು ಕಳೆದರೆ ಉಳಿಯುವುದು 91. ಅರ್ಧವಾಗಲು 108 ಬೇಕಿತ್ತು. ಹೀಗೆ ಗುಣಿಸಿ ನೋಡುವ ಸರಿಯಾದ ವಿಧಾನವನ್ನು ಅದೇ ಪುಸ್ತಕದಲ್ಲಿ ಮುಂದೆ ಅವನೇ ಕಂಡುಕೊಂಡ.

ಮುಂದೆ ಅವನಿಗೆ ಹೆಸರು ಬಂತು. 1552ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿನ ಆರ್ಚ್‌ಬಿಷಪ್ ಹ್ಯಾಮಿಲ್ಟನ್‌ನ ಉಬ್ಬಸಕ್ಕೆ ಚಿಕಿತ್ಸೆ ನೀಡಿದ. 1545ರಲ್ಲಿ ಪ್ರಕಟವಾದ ಅವನ ಬೀಜಗಣಿತದ ಗ್ರಂಥ ಆರ್ಸ್ ಮ್ಯಾಗ್ನಾ. ಅದರ ಆರಂಭದಲ್ಲೇ ಈ ವಿದ್ಯೆಯ ಮೂಲಪುರುಷರೆಂದು ಮುಹಮ್ಮದ್ ಇಬ್ನ್ ಮೂಸಾ ಅಲ್‌ಖ್ವಾರಿಝ್ಮಿಯವರನ್ನು ಸ್ಮರಿಸಿದ್ದಾನೆ. ಅಲ್‌ಕಿಂದಿಯವರನ್ನು ಲೋಕದ ಹನ್ನೆರಡು ಮಹಾಮೇಧಾವಿಗಳಲ್ಲಿ ಎಣಿಸಿದ. ನಮ್ಮ ಹಿರಿಯರ ಋಣವನ್ನು ಇಷ್ಟು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡವರು ಹೆಚ್ಚಿಲ್ಲ.

ಮನೆಯಲ್ಲಿ ಮಾತ್ರ ನೆಮ್ಮದಿ ಸಿಗಲಿಲ್ಲ. ಹೆಂಡತಿಗೆ ವಿಷವಿಕ್ಕಿದ ಅಪರಾಧಕ್ಕೆ ಹಿರಿಯ ಮಗನಿಗೆ 1560ರಲ್ಲಿ ಮರಣದಂಡನೆಯಾಯಿತು. ಕಿರಿಯವನು ಆಲ್ಡೋ ಜೂಜಿನ ದಾಸನಾಗಿ ತಂದೆಯ ಮನೆಯಲ್ಲೇ ಹಣ, ಒಡವೆ ಕದ್ದ. ಮಗನ ಮೇಲೆ ತಂದೆಯೇ ದೂರು ಕೊಡಬೇಕಾಯಿತು; ಆಲ್ಡೋನನ್ನು ಬೊಲೋನ್ಯ ನಗರದಿಂದ ಗಡಿಪಾರು ಮಾಡಲಾಯಿತು.

ಕಾರ್ಡಾನೋ 1576ರಲ್ಲಿ ರೋಮ್‌ನಲ್ಲಿ ತೀರಿಕೊಂಡ. ದಾಳದ ಪುಸ್ತಕ ಅಚ್ಚಾದದ್ದು 1663ರಲ್ಲಿ. ಅಷ್ಟರಲ್ಲಿ, 1654ರಲ್ಲಿಯೇ, ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರಗಳ ಮೂಲಕ ಈ ಗಣಿತಕ್ಕೆ ಭದ್ರ ತಳಹದಿ ಹಾಕಿಯಾಗಿತ್ತು. ಅವನ ತಪ್ಪು ಲೆಕ್ಕ, ಸರಿ ಲೆಕ್ಕ ಎರಡೂ ಆ ಪುಸ್ತಕದಲ್ಲಿ ಹಾಗೆಯೇ ಉಳಿದಿವೆ.